ಸ್ಕ್ರೂ ಬಿಡಿ, ಕೇಬಲ್ ನೋಡಿ
ಗೇರ್ ಸೈಕಲ್‌ನ ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಚೈನ್ ಸಲೀಸಾಗಿ ಏರುತ್ತೆ, ಸಣ್ಣದಕ್ಕೆ ಇಳಿಯೋವಾಗ ಮಾತ್ರ ತಡ ಮಾಡುತ್ತೆ, ಡಿರೇಲರ್ (ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ಸರಿಸೋ ಭಾಗ) ಮೇಲಿನ ಎಚ್, ಎಲ್ ಸ್ಕ್ರೂ ತಿರುಗಿಸಿದರೂ ಸರಿಹೋಗಲಿಲ್ಲ ಅಂದಿದ್ದೀರಿ. ಹೋಗಲ್ಲ. ಅವು ಚೈನ್ ಎರಡು ತುದಿ ದಾಟಿ ಬೀಳದಂತೆ ತಡೆಯೋಕಷ್ಟೇ. ಮೊದಲಿದ್ದಲ್ಲಿಗೇ ತಂದು ಬಿಟ್ಟುಬಿಡಿ.

ಹಳೇ ಸೈಕಲ್‌ಗಳಲ್ಲಿ ಈ ಕಾಯಿಲೆಗೆ ಬಹುಪಾಲು ಕಾರಣ ಗೇರ್ ಕೇಬಲ್. ಏರಿಸೋವಾಗ ನಿಮ್ಮ ಹೆಬ್ಬೆರಳು ಕೇಬಲ್ ಎಳೆಯುತ್ತೆ, ಇಳಿಸೋಕೆ ಡಿರೇಲರ್ ಸ್ಪ್ರಿಂಗ್ ಒಂದೇ ಗತಿ. ಡಿರೇಲರ್ ಹತ್ತಿರ ಬಾಗಿರೋ ಗಿಡ್ಡ ಕೇಸಿಂಗ್ (ಕೇಬಲ್‌ನ ಹೊರಕವಚ) ಒಳಗೆ ತುಕ್ಕು, ಮಣ್ಣು ಕೂತರೆ ಆ ಸ್ಪ್ರಿಂಗ್ ಸೋತುಹೋಗುತ್ತೆ. ಎಣ್ಣೆ ಬಿಟ್ಟರೆ ನಾಲ್ಕು ದಿನದ ಸಮಾಧಾನ. ಕೇಬಲ್, ಕೇಸಿಂಗ್ ಎರಡನ್ನೂ ಬದಲಿಸಿ.

ಆಮೇಲೂ ಮೊಂಡು ಹಿಡಿದರೆ ಬ್ಯಾರಲ್ ಅಡ್ಜಸ್ಟರನ್ನು (ಕೇಬಲ್ ಬಿಗಿ ಹೊಂದಿಸೋ ಸಣ್ಣ ತಿರುಪು) ಕೇಬಲ್ ಸಡಿಲವಾಗೋ ಕಡೆಗೆ ಕಾಲು ಸುತ್ತು ತಿರುಗಿಸಿ, ಪೆಡಲ್ ತುಳಿದು ನೋಡಿ, ಬೇಕಾದರೆ ಮತ್ತೆ ಕಾಲು ಸುತ್ತು. ಸೈಕಲ್ ಬಲಕ್ಕೆ ಬಿದ್ದದ್ದುಂಟಾ? ಹಾಗಿದ್ದರೆ ಡಿರೇಲರನ್ನು ಹಿಡಿದಿರೋ ಲೋಹದ ತುಂಡು, ಅಂದರೆ ಹ್ಯಾಂಗರ್, ಬಾಗಿದೆಯಾ ಅಂತ ಹಿಂದಿನಿಂದ ಒಮ್ಮೆ ನೋಡಿಬಿಡಿ.