ಆಪರೇಷನ್ ಆಯ್ತು, ತೂಕ ಯಾಕೆ ನಿಂತುಬಿಟ್ಟಿತು?

ತೂಕ ಇಳಿಸುವ ಆಪರೇಷನ್, ಅಂದರೆ ಬೇರಿಯಾಟ್ರಿಕ್ ಸರ್ಜರಿ ಮಾಡಿಸಿಕೊಂಡವರ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಎಲ್ಲರ ಕಣ್ಣೂ ತೂಕದ ಮಷೀನ್ ಮೇಲೇ ಇದೆ. ತಟ್ಟೆಯಲ್ಲಿ ಏನಿತ್ತು ಅಂತ ಬರೆದವರು ಕಡಿಮೆ. ನನಗೆ ಮೊದಲು ಬೇಕಾಗುವುದು ಅದೇ.

ಪ್ರಶ್ನೆ: ನನಗೆ 38 ವರ್ಷ. ಸ್ಲೀವ್ ಆಪರೇಷನ್ ಆಗಿ ಐದು ವಾರ ಆಯ್ತು. ಮೊದಲ ಮೂರು ವಾರದಲ್ಲಿ 9 ಕೆಜಿ ಇಳಿದೆ, ಆಮೇಲೆ ಒಂದು ಗ್ರಾಂ ಕೂಡ ಇಳಿದಿಲ್ಲ. ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ ತೂಕ ನೋಡುತ್ತೇನೆ. ಅದೇ ದಿನ ಆಪರೇಷನ್ ಆದ ಗಂಡಸರೊಬ್ಬರು ಆಗಲೇ 17 ಕೆಜಿ ಇಳಿದಿದ್ದಾರಂತೆ. ಹೊಟ್ಟೆ ಮತ್ತೆ ಹಿಗ್ಗಿಬಿಟ್ಟಿತಾ ಅಂತ ಭಯ. ನಾಲ್ಕು ದಿನದಿಂದ ಬರೀ ತಿಳಿ ಸೂಪು, ಹಣ್ಣಿನ ರಸ ಕುಡಿಯುತ್ತಿದ್ದೇನೆ. ಮಾಡುತ್ತಿರುವುದು ಸರಿನಾ ಡಾಕ್ಟ್ರೇ?

ಉತ್ತರ: ಸರಿ ಇಲ್ಲ. ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು ಕೂರುವುದನ್ನು ಇವತ್ತೇ ನಿಲ್ಲಿಸಿ. ಉಳಿದದ್ದು ಆಮೇಲೆ.

ಮೂರನೇ ವಾರದ ಹೊತ್ತಿಗೆ ತೂಕ ಹೀಗೆ ನಿಲ್ಲುವುದು ಎಷ್ಟು ಸಾಮಾನ್ಯ ಅಂದರೆ, ನಿಲ್ಲದೇ ಇಳಿದವರನ್ನು ಕಂಡರೆ ನಮಗೇ ಆಶ್ಚರ್ಯ. ಕಾರಣ ಹೇಳುತ್ತೇನೆ ಕೇಳಿ. ನಮ್ಮ ಲಿವರ್ ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಅನ್ನುವ ಸಕ್ಕರೆ ದಾಸ್ತಾನು ಇರುತ್ತದೆ, ಸುಮಾರು ಅರ್ಧ ಕೆಜಿ. ಒಂದೊಂದು ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು 3 ಗ್ರಾಂ ನೀರು ಹಿಡಿದಿಟ್ಟುಕೊಂಡಿರುತ್ತದೆ. ಆಪರೇಷನ್ ಆದ ಮೇಲೆ ಊಟ ಇಲ್ಲ, ದೇಹ ಮೊದಲು ಕೈ ಹಾಕುವುದು ಈ ದಾಸ್ತಾನಿಗೆ. ಅದು ಖಾಲಿಯಾದಂತೆ ಅದರ ನೀರೂ ಹೋಗುತ್ತದೆ. ನಿಮ್ಮ ಮೊದಲ 9 ಕೆಜಿಯಲ್ಲಿ ಕೊಬ್ಬಿನ ಜೊತೆ ಈ ನೀರಿನ ಪಾಲೂ ಇತ್ತು. ಈಗ ಮೆತ್ತಗಿನ ಊಟ ಶುರುವಾಗಿದೆ, ದೇಹ ದಾಸ್ತಾನನ್ನು ಸ್ವಲ್ಪ ತುಂಬಿಕೊಳ್ಳುತ್ತದೆ, ನೀರು ವಾಪಸ್ ಬರುತ್ತದೆ. ಒಂದು ಕಡೆ ಕೊಬ್ಬು ಕರಗುತ್ತಲೇ ಇದೆ, ಇನ್ನೊಂದು ಕಡೆ ನೀರು ಸೇರುತ್ತಿದೆ, ಮಷೀನ್ ಮಾತ್ರ ಅದೇ ಅಂಕಿ ತೋರಿಸುತ್ತಿದೆ. ಸಾಮಾನ್ಯವಾಗಿ ಒಂದರಿಂದ ಮೂರು ವಾರದಲ್ಲಿ ಇದು ಸರಿಹೋಗುತ್ತದೆ.

ಹೊಟ್ಟೆ ಹಿಗ್ಗುವ ಮಾತು ಬಿಡಿ. ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಪಾಲಿಗಿಂತ ಜಾಸ್ತಿ ಭಾಗವನ್ನೇ ತೆಗೆದಿರುತ್ತಾರೆ, ಉಳಿಯುವುದು ಬಾಳೆಕಾಯಿ ಆಕಾರದ ಒಂದು ಕೊಳವೆ. ಐದು ವಾರದಲ್ಲಿ ಅದು ಹಿಗ್ಗುವುದಿಲ್ಲ, ಇನ್ನೂ ಊತವೇ ಪೂರ್ತಿ ಇಳಿದಿಲ್ಲ. ತಿಂಗಳು ಕಳೆದಂತೆ ಒಂದೆರಡು ತುತ್ತು ಜಾಸ್ತಿ ಹಿಡಿಸುತ್ತದೆ. ಅದು ಹೀಗೇ ಆಗಬೇಕು, ಕೆಟ್ಟದ್ದೇನಲ್ಲ.

ಇನ್ನು ಆ 17 ಕೆಜಿಯ ಗಂಡಸರು. ಅವರು ಶುರುವಿನಲ್ಲಿ ಎಷ್ಟು ತೂಕ ಇದ್ದರು ಅಂತ ಕೇಳಿದ್ದೀರಾ? ತೂಕ ಜಾಸ್ತಿ ಇದ್ದವರು ಕೆಜಿ ಲೆಕ್ಕದಲ್ಲಿ ಜಾಸ್ತಿಯೇ ಇಳಿಯುತ್ತಾರೆ. ಗಂಡಸರಿಗೆ ಸ್ನಾಯು ಕೂಡ ಜಾಸ್ತಿ, ಹಾಗಾಗಿ ದೇಹ ಸುಮ್ನೆ ಕೂತಾಗಲೂ ಹೆಚ್ಚು ಸುಡುತ್ತದೆ. ಹೋಲಿಸಲೇಬೇಕು ಅಂದರೆ ಶುರುವಿನ ತೂಕದ ಶೇಕಡಾ ಎಷ್ಟು ಅಂತ ಹೋಲಿಸಿ. ಹೋಲಿಸದಿದ್ದರೆ ಇನ್ನೂ ಒಳ್ಳೆಯದು.

ಈಗ ನಿಮ್ಮ ಸೂಪು, ಜ್ಯೂಸ್ ವಿಷಯ. ನನಗೆ ಚಿಂತೆ ಇರುವುದು ಇಲ್ಲೇ. ದೇಹಕ್ಕೆ ಪ್ರೋಟೀನ್ ಸಿಗದಿದ್ದರೆ ಅದು ನಿಮ್ಮ ಸ್ನಾಯುವನ್ನೇ ತಿನ್ನುತ್ತದೆ. ಸ್ನಾಯು ಹೋದರೆ ಮಷೀನ್ ಮೇಲೆ ಅಂಕಿ ಇಳಿಯುತ್ತದೆ, ನಿಮಗೆ ಖುಷಿಯೂ ಆಗುತ್ತದೆ, ಆದರೆ ದಿನಕ್ಕೆ ದೇಹ ಸುಡುವ ಕ್ಯಾಲೊರಿ ಕಡಿಮೆಯಾಗಿ ಮುಂದೆ ತೂಕ ಇಳಿಯುವುದು ಕಷ್ಟ, ಏರುವುದು ಸುಲಭ. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಇರುವುದು 6 ಗ್ರಾಂ, ಒಂದು ಲೋಟ ಹಾಲಿನಲ್ಲಿ 6-7 ಗ್ರಾಂ. ಇಷ್ಟು ಚಿಕ್ಕ ಹೊಟ್ಟೆಯಲ್ಲಿ ಬರೀ ಇವುಗಳಿಂದ ಲೆಕ್ಕ ತುಂಬುವುದಿಲ್ಲ, ಅದಕ್ಕೇ ಮೊದಲ ತಿಂಗಳುಗಳಲ್ಲಿ ಪ್ರೋಟೀನ್ ಪುಡಿ ಬರೆದುಕೊಡುವುದು. ಅದನ್ನು ಬಾಡಿಬಿಲ್ಡರ್‌ಗಳ ಪುಡಿ ಅಂತ ಪಕ್ಕಕ್ಕಿಡಬೇಡಿ.

ತಿನ್ನುವ ಕ್ರಮವೂ ಮುಖ್ಯ. ಚಿಕ್ಕ ತಟ್ಟೆ, ಟೀ ಚಮಚ. ಮೊದಲು ಪ್ರೋಟೀನ್, ಆಮೇಲೆ ತರಕಾರಿ, ಜಾಗ ಉಳಿದರೆ ಮಾತ್ರ ಅನ್ನವೋ ಬ್ರೆಡ್ಡೋ. ಬಾಯಿಗೆ ಒಂದು ತುತ್ತು ಇಟ್ಟ ಮೇಲೆ ಚಮಚ ಕೆಳಗಿಡಿ, ಅದು ಬಾಯಲ್ಲೇ ನುಣ್ಣಗಾಗುವ ತನಕ ಅಗಿಯಿರಿ. ಸಾಕು ಅನ್ನುವ ಸೂಚನೆ ಈಗ ಮೊದಲಿನ ಹಾಗೆ ಬರುವುದಿಲ್ಲ. ಎದೆಗೂಡಿನ ಕೆಳಗೆ ಬಿಗಿದಂತಾಗುತ್ತದೆ. ಕೆಲವರಿಗೆ ಬಿಕ್ಕಳಿಕೆ, ಕೆಲವರಿಗೆ ಸೀನು, ಇನ್ನು ಕೆಲವರಿಗೆ ಮೂಗು ಸೋರುತ್ತದೆ. ನಗಬೇಡಿ, ಇದು ನಿಜ. ಅಲ್ಲಿಗೆ ನಿಲ್ಲಿಸಿ, ತಟ್ಟೆಯಲ್ಲಿ ಉಳಿದದ್ದು ಉಳಿಯಲಿ. ಇನ್ನೊಂದು ತುತ್ತು ತುರುಕಿದರೆ ಅದು ವಾಪಸ್ ಬರುತ್ತದೆ. ಊಟದ ಜೊತೆ ನೀರು ಬೇಡ, ಊಟವಾಗಿ ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಉಳಿದ ಹೊತ್ತಿನಲ್ಲಿ ಗುಟುಕು ಗುಟುಕಾಗಿ ಒಂದೂವರೆಯಿಂದ ಎರಡು ಲೀಟರ್ ಹೋಗಲೇಬೇಕು. ಆಪರೇಷನ್ ಆದವರು ಮತ್ತೆ ಆಸ್ಪತ್ರೆ ಸೇರಲು ನೀರು ಸಾಲದಿರುವುದೇ ಒಂದು ದೊಡ್ಡ ಕಾರಣ.

ನಡಿಗೆ ನಡೆಯಲಿ. ಭಾರ ಎತ್ತುವ ವ್ಯಾಯಾಮಕ್ಕೆ ಸರ್ಜನ್ ಒಪ್ಪಿಗೆ ಸಿಕ್ಕ ತಕ್ಷಣ, ಸಾಮಾನ್ಯವಾಗಿ ಆರು ವಾರದ ಮೇಲೆ, ಅದನ್ನೂ ಶುರುಮಾಡಿ. ಸ್ನಾಯು ಉಳಿಯುವುದು ಅದರಿಂದಲೇ. ಮಷೀನನ್ನು ಮಂಚದ ಕೆಳಗೆ ತಳ್ಳಿ, ವಾರಕ್ಕೊಂದು ದಿನ ಬೆಳಿಗ್ಗೆ ಹೊರಗೆ ತೆಗೆಯಿರಿ. ಸೊಂಟಕ್ಕೆ ಟೇಪು ಹಿಡಿದು ಬರೆದಿಡಿ. ತೂಕ ನಿಂತ ಈ ದಿನಗಳಲ್ಲೂ ಟೇಪಿನ ಅಳತೆ ಇಳಿಯುವುದನ್ನು ಬಹಳ ಜನ ನೋಡಿರುತ್ತಾರೆ.

ಪ್ರಶ್ನೆ: ನಮ್ಮ ಅಕ್ಕನಿಗೆ ಸ್ಲೀವ್ ಆಗಿ ಆರು ವಾರ. ಮೂರು ವಾರದಿಂದ ಏನು ತಿಂದರೂ ವಾಂತಿ. ಈಗ ನೀರೂ ನಿಲ್ಲುತ್ತಿಲ್ಲ. ಕಾಲು ಜೋಮು ಹಿಡಿಯುತ್ತದೆ, ನಡೆಯುವಾಗ ಓಲಾಡುತ್ತಾಳೆ. ತೂಕ ಮಾತ್ರ ಚೆನ್ನಾಗಿ ಇಳಿಯುತ್ತಿದೆ, ಅದಕ್ಕೆ ಅವಳು ಆಸ್ಪತ್ರೆಗೆ ಬರಲು ಒಪ್ಪುತ್ತಿಲ್ಲ.

ಉತ್ತರ: ಇದನ್ನು ಪೂರ್ತಿ ಓದಿ ಹೊರಡುತ್ತೇನೆ ಅನ್ನಬೇಡಿ. ಈಗಲೇ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ.

ವಿಟಮಿನ್ ಬಿ1, ಅಂದರೆ ಥಯಮಿನ್, ನಮ್ಮ ದೇಹದಲ್ಲಿ ಎರಡು ಮೂರು ವಾರಕ್ಕೆ ಆಗುವಷ್ಟು ಮಾತ್ರ ಇರುತ್ತದೆ. ನಿಲ್ಲದ ವಾಂತಿಯಲ್ಲಿ ಅದು ಮುಗಿದುಹೋಗುತ್ತದೆ. ಕಾಲು ಜೋಮು, ತೂರಾಡುವ ನಡಿಗೆ, ಎರಡೆರಡು ಕಾಣುವುದು, ಮಾತಿನಲ್ಲಿ ಗೊಂದಲ, ಇವು ನರ ಮತ್ತು ಮಿದುಳಿಗೆ ಪೆಟ್ಟು ಬೀಳುತ್ತಿರುವ ಲಕ್ಷಣಗಳು. ತಡವಾದರೆ ಆ ಹಾನಿ ಶಾಶ್ವತವಾಗಿ ಉಳಿಯಬಹುದು. ಆಸ್ಪತ್ರೆಯಲ್ಲಿ ಮೊದಲೇ ಹೇಳಿ: ಬೇರಿಯಾಟ್ರಿಕ್ ಸರ್ಜರಿ ಆಗಿದೆ, ಮೂರು ವಾರದಿಂದ ವಾಂತಿ, ಗ್ಲೂಕೋಸ್ ಡ್ರಿಪ್ ಹಾಕುವ ಮೊದಲು ಥಯಮಿನ್ ಕೊಡುತ್ತೀರಾ ಅಂತ ಕೇಳಿ. ಥಯಮಿನ್ ಇಲ್ಲದ ದೇಹಕ್ಕೆ ಬರೀ ಗ್ಲೂಕೋಸ್ ಹೋದರೆ ಸ್ಥಿತಿ ಇನ್ನೂ ಕೆಡುತ್ತದೆ. ವಾಂತಿಗೆ ಕಾರಣ ಸ್ಲೀವ್ ಎಲ್ಲೋ ಕಿರಿದಾಗಿರುವುದೂ ಇರಬಹುದು. ಅದನ್ನು ಎಂಡೋಸ್ಕೋಪಿಯಲ್ಲಿ ನೋಡಿ ಬಲೂನ್ ಹಾಕಿ ಹಿಗ್ಗಿಸಬಹುದು.

ಉಳಿದವರಿಗೂ ಒಂದು ಮಾತು. ಮೊದಲ ವಾರಗಳಲ್ಲಿ ಸುಮ್ನೆ ಮಲಗಿದ್ದಾಗಲೂ ಎದೆಬಡಿತ ನಿಮಿಷಕ್ಕೆ 120 ದಾಟಿದರೆ, ಜ್ವರ, ಹೊಟ್ಟೆನೋವು ಜೋರಾದರೆ, ಎಡಭುಜ ನೋಯುತ್ತಿದ್ದರೆ ಒಳಗೆ ಜಠರದ ಹೊಲಿಗೆ ಸೋರುತ್ತಿರಬಹುದು. ಒಂದೇ ಕಾಲು ಊದಿಕೊಂಡರೆ, ಉಸಿರು ಸಿಕ್ಕಿಹಾಕಿಕೊಂಡಂತಾದರೆ ರಕ್ತ ಹೆಪ್ಪುಗಟ್ಟಿರಬಹುದು. ಇವಕ್ಕೆ ಗ್ಯಾಸ್ ಮಾತ್ರೆ ನುಂಗಿ ಬೆಳಗಾಗಲಿ ಅಂತ ಕಾಯಬಾರದು.

ಪ್ರಶ್ನೆ: ಹೊಟ್ಟೆಯ ಬೈಪಾಸ್ ಆಗಿ ಮೂರು ವಾರ. ಎದ್ದು ನಿಂತರೆ ಕಣ್ಣು ಕತ್ತಲೆ. ಬಿಪಿ, ಶುಗರ್ ಮಾತ್ರೆ ಮೊದಲಿನ ಹಾಗೇ ತೆಗೆದುಕೊಳ್ಳುತ್ತಿದ್ದೇನೆ.

ಉತ್ತರ: ಮಾತ್ರೆ ಹಳೆಯದು, ದೇಹ ಹೊಸದು. ಈ ಬೈಪಾಸ್ ಹೃದಯದ್ದಲ್ಲ, ಜಠರವನ್ನು ಒಂದು ಚಿಕ್ಕ ಚೀಲವಾಗಿಸಿ ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುವ ಆಪರೇಷನ್. ಬೈಪಾಸ್ ಆದ ಕೆಲವೇ ದಿನದಲ್ಲಿ, ತೂಕ ಇಳಿಯುವ ಮೊದಲೇ, ಶುಗರ್ ಇಳಿಯುತ್ತದೆ. ಬಿಪಿಯೂ ಹಿಂದೆಯೇ ಬರುತ್ತದೆ. ಇವತ್ತೇ ಬಿಪಿ, ಶುಗರ್ ನೋಡಿಸಿ ಡಾಕ್ಟರಿಗೆ ಫೋನ್ ಮಾಡಿ ಡೋಸ್ ಬದಲಿಸಿಕೊಳ್ಳಿ. ನೀವಾಗಿಯೇ ಎಲ್ಲ ನಿಲ್ಲಿಸಬೇಡಿ. ಮಂಡಿನೋವು ಅಂತ ಅಂಗಡಿಯಿಂದ ಐಬುಪ್ರೊಫೆನ್ ತರುವ ಅಭ್ಯಾಸ ಇದ್ದರೆ ಅದನ್ನೂ ಬಿಡಿ, ಬೈಪಾಸ್ ಆದವರಿಗೆ ಜೋಡಣೆಯ ಜಾಗದಲ್ಲಿ ಹುಣ್ಣಾಗುತ್ತದೆ. ಸಿಗರೇಟಿಂದಲೂ ಅಷ್ಟೇ.

ಪ್ರಶ್ನೆ: ನಾಲ್ಕು ತಿಂಗಳಾಯ್ತು, 26 ಕೆಜಿ ಇಳಿದಿದ್ದೇನೆ. ಆದರೆ ಬಾಚಣಿಗೆ ಹಾಕಿದರೆ ಕೂದಲು ಹಿಡಿ ಹಿಡಿಯಾಗಿ ಬರುತ್ತಿದೆ. ಬೋಳಾಗಿಬಿಡುತ್ತೇನಾ?

ಉತ್ತರ: ಇಲ್ಲ. ದೇಹಕ್ಕೆ ದೊಡ್ಡ ಪೆಟ್ಟು ಬಿದ್ದಾಗ, ಆಪರೇಷನ್ ಇರಲಿ, ದಿಢೀರ್ ತೂಕ ಇಳಿಯುವುದಿರಲಿ, ತುಂಬಾ ಕೂದಲು ಒಂದೇ ಸಲ ವಿಶ್ರಾಂತಿಗೆ ಹೋಗುತ್ತವೆ, ಎರಡು ಮೂರು ತಿಂಗಳ ಮೇಲೆ ಒಟ್ಟಿಗೆ ಉದುರುತ್ತವೆ. ಬೇರು ಸತ್ತಿರುವುದಿಲ್ಲ. ಹೆಚ್ಚಿನವರಿಗೆ ವರ್ಷ ತುಂಬುವುದರೊಳಗೆ ಹೊಸ ಕೂದಲು ಬರುತ್ತದೆ. ಎಣ್ಣೆ, ಶಾಂಪೂ ಬದಲಾಯಿಸಿ ದುಡ್ಡು ಕಳೆಯಬೇಡಿ. ಪ್ರೋಟೀನ್ ಎಷ್ಟು ಹೋಗುತ್ತಿದೆ ನೋಡಿ, ರಕ್ತದಲ್ಲಿ ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ತೋರಿಸುವುದು), ಜಿಂಕ್ ಪರೀಕ್ಷೆ ಮಾಡಿಸಿ. ಆರು ತಿಂಗಳು ದಾಟಿದ ಮೇಲೂ ಉದುರುವುದು ನಿಲ್ಲದಿದ್ದರೆ, ಅಥವಾ ಆಗಲೇ ಹೊಸದಾಗಿ ಶುರುವಾದರೆ, ಕಬ್ಬಿಣವೋ ಇನ್ನೊಂದೋ ಕಡಿಮೆ ಇದೆಯಾ ಅಂತ ನೋಡಲೇಬೇಕು.

ಪ್ರಶ್ನೆ: ಬೈಪಾಸ್ ಆಗಿ ಮೂರು ವರ್ಷ. 120 ಕೆಜಿ ಇದ್ದವನು 79ಕ್ಕೆ ಬಂದಿದ್ದೆ, ಈಗ 88. ನಾಚಿಕೆಯಿಂದ ಒಂದೂವರೆ ವರ್ಷದಿಂದ ಡಾಕ್ಟರ ಹತ್ತಿರ ಹೋಗಿಲ್ಲ. ವಿಟಮಿನ್ ಮಾತ್ರೆಯನ್ನೂ ನಿಲ್ಲಿಸಿದ್ದೇನೆ, ಆರಾಮಾಗೇ ಇದ್ದೇನಲ್ಲ ಅಂತ. ಐದು ದಿನ ಬರೀ ದ್ರವ ಕುಡಿದರೆ ಹೊಟ್ಟೆಚೀಲ ಮತ್ತೆ ಚಿಕ್ಕದಾಗುತ್ತದೆ ಅಂತ ಓದಿದೆ. ಮಾಡಲಾ?

ಉತ್ತರ: ಬೇಡ. ಐದು ದಿನದಲ್ಲಿ ಯಾವ ಚೀಲವೂ ಚಿಕ್ಕದಾಗುವುದಿಲ್ಲ. ಮೊದಲ ಪ್ರಶ್ನೆಯಲ್ಲಿ ಹೇಳಿದ ಅದೇ ನೀರು ಇಳಿಯುತ್ತದೆ, ಆರನೇ ದಿನ ಊಟ ಮಾಡಿದರೆ ವಾಪಸ್ ಬರುತ್ತದೆ.

ನಾಚಿಕೆಪಡುವಂಥದ್ದು ಇಲ್ಲಿ ಏನೂ ಇಲ್ಲ. ಲೆಕ್ಕ ನೋಡಿ. ಶುರುವಿನ ತೂಕಕ್ಕಿಂತ ನೀವು ಇವತ್ತಿಗೂ 32 ಕೆಜಿ ಕೆಳಗಿದ್ದೀರಿ, ಶೇಕಡಾ 27ರ ಹತ್ತಿರ. ಸ್ವೀಡನ್‌ನಲ್ಲಿ 1987ರಲ್ಲಿ ಶುರುವಾದ ದೊಡ್ಡ ಅಧ್ಯಯನವೊಂದರಲ್ಲಿ ಬೈಪಾಸ್ ಆದವರು ಒಂದೆರಡು ವರ್ಷದಲ್ಲಿ ಸರಾಸರಿ ಶೇಕಡಾ 32 ಇಳಿದಿದ್ದರು. ಹತ್ತು ವರ್ಷದ ಹೊತ್ತಿಗೆ ಅದು ಶೇಕಡಾ 25ಕ್ಕೆ ನಿಂತಿತ್ತು. ಅಂದರೆ ತಳ ಮುಟ್ಟಿದ ಮೇಲೆ ಸ್ವಲ್ಪ ಏರುವುದು ಈ ಆಪರೇಷನ್ನಿನ ಸಹಜ ನಡೆ. ಆಪರೇಷನ್ ಮುಂಚೆ ಇದನ್ನು ಬಿಡಿಸಿ ಹೇಳುವವರು ಕಡಿಮೆ, ಎಲ್ಲರೂ ತೋರಿಸುವುದು ಒಂದನೇ ವರ್ಷದ ಫೋಟೋ ಮಾತ್ರ. ಹಾಗಂತ ಏರುತ್ತಲೇ ಇದ್ದರೆ ಬಿಡಬೇಕು ಅಂತಲ್ಲ, ಕಾರಣ ಹುಡುಕಬೇಕು.

ಒಂದು ವಾರ ತಿಂದದ್ದು ಕುಡಿದದ್ದು ಎಲ್ಲ ಬರೆದಿಡಿ, ಸುಳ್ಳಿಲ್ಲದೆ. ಕೋಳಿಮಾಂಸ ನಾಲ್ಕು ತುಂಡು ತಿಂದರೆ ನಿಮ್ಮ ಚೀಲ ಇವತ್ತಿಗೂ ಸಾಕು ಅನ್ನುತ್ತದೆ, ಅಲ್ವಾ? ಅದೇ ಚೀಲ ಬಿಸ್ಕತ್ತು, ಚಿಪ್ಸ್, ಐಸ್‌ಕ್ರೀಂ ಬಂದರೆ ಏನೂ ಅನ್ನುವುದಿಲ್ಲ. ಅವು ಬಾಯಲ್ಲೇ ಕರಗಿ ಸೀದಾ ಜಾರಿಹೋಗುತ್ತವೆ. ರಾತ್ರಿ ಟಿವಿ ಮುಂದೆ ಒಂದು ಇಡೀ ಪ್ಯಾಕೆಟ್ ಮುಗಿದರೂ ಹೊಟ್ಟೆ ಬಿಗಿಯುವುದಿಲ್ಲ. ಆಪರೇಷನ್ ಹೊಟ್ಟೆಯ ಹಸಿವನ್ನು ಕಡಿಮೆ ಮಾಡುತ್ತದೆ, ಬಾಯಿಚಪಲವನ್ನಲ್ಲ. ಸಿಹಿ ಕಾಫಿ, ಜ್ಯೂಸ್, ಮದ್ಯವನ್ನೂ ಪಟ್ಟಿಗೆ ಸೇರಿಸಿ. ಬೈಪಾಸ್ ಆದವರಿಗೆ ಮದ್ಯ ಬೇಗ ಏರುತ್ತದೆ, ಚಟ ಅಂಟಿಕೊಳ್ಳುವ ಅಪಾಯವೂ ಜಾಸ್ತಿ.

ಊಟವಾಗಿ ಒಂದರಿಂದ ಮೂರು ಗಂಟೆಯೊಳಗೆ ಬೆವರು, ಕೈನಡುಕ, ಜೋರು ಹಸಿವು ಬರುತ್ತದಾ ಅಂತಲೂ ಗಮನಿಸಿ. ಸಿಹಿ ತಿಂದಾಗ ಸಕ್ಕರೆ ದಡದಡ ಏರಿ, ಇನ್ಸುಲಿನ್ ಜಾಸ್ತಿ ಸುರಿದು, ಆಮೇಲೆ ಶುಗರ್ ಕುಸಿಯುವುದು ಇದು. ಕುಸಿದಾಗ ಮತ್ತೆ ಸಿಹಿಗೆ ಕೈ ಹೋಗುತ್ತದೆ, ಮತ್ತೆ ಕುಸಿಯುತ್ತದೆ. ಈ ಸುತ್ತಿನಲ್ಲಿ ಸಿಕ್ಕಿಕೊಂಡು ತೂಕ ಏರಿಸಿಕೊಂಡವರು ಬೇಕಾದಷ್ಟಿದ್ದಾರೆ, ಅವರಿಗೆ ಬೇಕಾಗಿರುವುದು ಛಡಿಯೇಟಲ್ಲ, ಊಟದ ಬದಲಾವಣೆ. ಸ್ಟೀರಾಯ್ಡ್, ಕೆಲವು ಮಾನಸಿಕ ಕಾಯಿಲೆಯ ಮಾತ್ರೆಗಳಿಂದಲೂ ತೂಕ ಏರುತ್ತದೆ, ಹೊಸದಾಗಿ ಏನಾದರೂ ಶುರುವಾಗಿದ್ದರೆ ಹೇಳಿ. ಹಸಿವು ಕಡಿಮೆ ಮಾಡುವ ಸೆಮಾಗ್ಲುಟೈಡ್‌ನಂಥ ಔಷಧಗಳನ್ನು ಈಗ ಹೀಗೆ ತೂಕ ಮರಳಿದವರಿಗೂ ಕೊಡುತ್ತಾರೆ. ಎರಡನೇ ಆಪರೇಷನ್ ಮಾತು ಇವೆಲ್ಲ ಆದ ಮೇಲೆ.

ಆದರೆ ನಿಮ್ಮ ಪತ್ರದಲ್ಲಿ ನನಗೆ 9 ಕೆಜಿಗಿಂತ ಕೆಟ್ಟದಾಗಿ ಕಂಡದ್ದು ನಿಲ್ಲಿಸಿದ ವಿಟಮಿನ್. ಬೈಪಾಸ್‌ನಲ್ಲಿ ಊಟ ಸಣ್ಣ ಕರುಳಿನ ಮೊದಲ ಭಾಗವನ್ನು ಮುಟ್ಟುವುದೇ ಇಲ್ಲ. ಕಬ್ಬಿಣ, ಕ್ಯಾಲ್ಸಿಯಂ ಹೆಚ್ಚಾಗಿ ಹೀರುವುದೇ ಅಲ್ಲಿ. ಬಿ12 ಲಿವರ್‌ನಲ್ಲಿ ವರ್ಷಗಟ್ಟಲೆ ಆಗುವಷ್ಟು ಇರುತ್ತದೆ, ಅದಕ್ಕೇ ಇಷ್ಟು ದಿನ ಆರಾಮು ಅನ್ನಿಸಿದೆ. ಖಾಲಿಯಾಗುವುದು ಸುಮಾರು ಈಗಲೇ. ಬಿ12, ಫೆರಿಟಿನ್, ವಿಟಮಿನ್ ಡಿ, ಕ್ಯಾಲ್ಸಿಯಂ, ಪಿಟಿಎಚ್ (ಕ್ಯಾಲ್ಸಿಯಂ ಹತೋಟಿಯಲ್ಲಿಡುವ ಹಾರ್ಮೋನು) ಪರೀಕ್ಷೆಗೆ ಈ ವಾರವೇ ರಕ್ತ ಕೊಡಿ, ಮಾತ್ರೆ ಮತ್ತೆ ಶುರುಮಾಡಿ. ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ ಎರಡು ಗಂಟೆ ಅಂತರ ಇರಲಿ, ಒಟ್ಟಿಗೆ ನುಂಗಿದರೆ ಕಬ್ಬಿಣ ಹತ್ತುವುದಿಲ್ಲ.

ಪ್ರಶ್ನೆ: ಆಪರೇಷನ್ ಆಗಿ ಏಳು ತಿಂಗಳು. ಮಗು ಬೇಕು. ಈಗಲೇ ಪ್ರಯತ್ನಿಸಬಹುದಾ?

ಉತ್ತರ: ಸ್ವಲ್ಪ ತಡೆಯಿರಿ. ಆಪರೇಷನ್ ಆಗಿ 12ರಿಂದ 18 ತಿಂಗಳು ಕಳೆದು ತೂಕ ಒಂದು ಕಡೆ ನಿಂತ ಮೇಲೆ ಒಳ್ಳೆಯದು. ಈಗ ನಿಮ್ಮ ದೇಹವೇ ಕೊರತೆಯಲ್ಲಿ ನಡೆಯುತ್ತಿದೆ, ಮಗುವಿಗೆ ಕೊಡುವುದು ಎಲ್ಲಿಂದ? ತೂಕ ಇಳಿದಂತೆ ಗರ್ಭ ನಿಲ್ಲುವ ಸಾಧ್ಯತೆಯೂ ಜಾಸ್ತಿಯಾಗುತ್ತದೆ, ವರ್ಷಗಟ್ಟಲೆ ಆಗದವರಿಗೂ ಈ ಹೊತ್ತಿನಲ್ಲಿ ಆಗಿಬಿಡುತ್ತದೆ. ನಿಮ್ಮದು ಬೈಪಾಸ್ ಆಗಿದ್ದರೆ ಗರ್ಭನಿರೋಧಕ ಮಾತ್ರೆಯನ್ನೊಂದೇ ನಂಬಬೇಡಿ, ಅದು ಸರಿಯಾಗಿ ಹೀರದೇ ಹೋಗಬಹುದು. ಕಾಪರ್ ಟಿ ಥರದ್ದು ಯಾವುದು ನಿಮಗೆ ಸರಿ ಅಂತ ಸ್ತ್ರೀರೋಗ ತಜ್ಞರನ್ನು ಕೇಳಿ. ಆಗಲೇ ತಿಂಗಳು ತಪ್ಪಿದ್ದರೆ ಗಾಬರಿ ಬೇಡ, ಆ ವಾರವೇ ಅವರನ್ನೂ ಸರ್ಜನ್‌ರನ್ನೂ ಇಬ್ಬರನ್ನೂ ಕಂಡು ವಿಟಮಿನ್ ಪಟ್ಟಿ ಬದಲಿಸಿಕೊಳ್ಳಿ.