ಓದುಗರ ಪ್ರಶ್ನೆ: ಮೊದಲು ಗೆರೆ ದಾಟಿದವನು ಗೆಲ್ಲಲಿಲ್ಲ ಯಾಕೆ?

ಪ್ರಶ್ನೆ: ಬಯಾಥ್ಲಾನ್ (ಹಿಮದ ಮೇಲೆ ಸ್ಕೀ ಓಟ, ನಡುನಡುವೆ ರೈಫಲಿನಿಂದ ಗುರಿ ಹೊಡೆಯುವ ಆಟ) ವಿಶ್ವಕಪ್ ಋತುವಿನ ಮೊದಲ ಸ್ಪರ್ಧೆಯನ್ನು ಮನೆಮಂದಿಯೆಲ್ಲ ಕೂತು ನೋಡಿದೆವು. ಎಲ್ಲರಿಗಿಂತ ಮುಂಚೆ ಗುರಿ ಮುಟ್ಟಿದವನ ಹೆಸರು ಪಟ್ಟಿಯಲ್ಲಿ ಕೆಳಗಿಳಿಯುತ್ತಲೇ ಹೋಯಿತು. ಇದೇನು ಲೆಕ್ಕ? – ಓದುಗರು, ಸಾಗರ

ಉತ್ತರ: ನೀವು ನೋಡಿದ್ದು ‘ಇಂಡಿವಿಜುವಲ್’ ಸ್ಪರ್ಧೆ ಇರಬೇಕು. ಅದರಲ್ಲಿ ಎಲ್ಲರೂ ಒಟ್ಟಿಗೆ ಹೊರಡುವುದಿಲ್ಲ, 30 ಸೆಕೆಂಡಿಗೆ ಒಬ್ಬರಂತೆ ಬಿಡುತ್ತಾರೆ. ನೂರು ಮಂದಿ ಇದ್ದರೆ ಎಲ್ಲರೂ ಹೊರಡಲು ಹತ್ತಿರ ಹತ್ತಿರ 50 ನಿಮಿಷ ಬೇಕು. ಗಂಡಸರಿಗೆ 20 ಕಿ.ಮೀ., ಹೆಂಗಸರಿಗೆ 15 ಕಿ.ಮೀ. ಸ್ಕೀ ಓಟ. ನಡುವೆ ನಾಲ್ಕು ಸಲ ಐದೈದು ಗುಂಡು: ಮಲಗಿ, ನಿಂತು, ಮತ್ತೆ ಮಲಗಿ, ಮತ್ತೆ ನಿಂತು. ತಪ್ಪಿದ ಒಂದೊಂದು ಗುಂಡಿಗೂ ಒಂದು ನಿಮಿಷ ಸೇರಿಸುತ್ತಾರೆ.

ಒಂದು ಉದಾಹರಣೆ. 1ನೇ ನಂಬರಿನವನು 50 ನಿಮಿಷದಲ್ಲಿ ಸ್ಕೀ ಮಾಡಿ ಮುಗಿಸಿದ, ಆದರೆ ಎರಡು ಗುಂಡು ತಪ್ಪಿತು. ಅವನ ಸಮಯ 52 ನಿಮಿಷ. 6ನೇ ನಂಬರಿನವನು ಎರಡೂವರೆ ನಿಮಿಷ ತಡವಾಗಿ ಹೊರಟು 50 ನಿಮಿಷ 40 ಸೆಕೆಂಡ್ ತೆಗೆದುಕೊಂಡ, ಒಂದೂ ತಪ್ಪಲಿಲ್ಲ. ಸ್ಕೀಯಲ್ಲಿ ನಿಧಾನವಾದರೂ ಅವನೇ 1 ನಿಮಿಷ 20 ಸೆಕೆಂಡ್ ಮುಂದೆ. ಇದೇ ಆಟದ ಚಿಕ್ಕ ದೂರದ ಸ್ಪರ್ಧೆಯಾದ ಸ್ಪ್ರಿಂಟ್‌ನಲ್ಲಿ ಹಾಗಲ್ಲ, ತಪ್ಪಿದ ಗುಂಡಿಗೆ 150 ಮೀಟರಿನ ದಂಡದ ಸುತ್ತು ಹಾಕಬೇಕು, ಅದಕ್ಕೆ ಸುಮಾರು 22ರಿಂದ 30 ಸೆಕೆಂಡ್. ಹಾಗಾಗಿ ಇಂಡಿವಿಜುವಲ್‌ನಲ್ಲಿ ಗುರಿಕಾರನಿಗೆ ಬೆಲೆ ಹೆಚ್ಚು, ಸ್ಪ್ರಿಂಟ್‌ನಲ್ಲಿ ಕಾಲಿನ ವೇಗಕ್ಕೆ. ನೋಡುವಾಗ ಯಾರು ಮುಂದೆ ಓಡುತ್ತಿದ್ದಾರೆ ಎನ್ನುವುದನ್ನು ಬಿಟ್ಟು ಪರದೆಯ ಮೂಲೆಯ ಸಮಯದ ಮೇಲೆ ಕಣ್ಣಿಡಿ.

ಋತುವಿನ ಆರಂಭ ಸಾಮಾನ್ಯವಾಗಿ ಸ್ವೀಡನ್ನಿನ ಓಸ್ಟರ್‌ಸುಂಡ್‌ನಲ್ಲಿ. 2022 ಮತ್ತು 2024ರಲ್ಲಿ ಫಿನ್ಲೆಂಡಿನ ಕೊಂಟಿಯೊಲಹ್ಟಿಯಲ್ಲಿ ಆಯಿತು. ಚಳಿಗಾಲದಲ್ಲಿ ಸ್ವೀಡನ್ನಿಗಿಂತ ನಮ್ಮ ಗಡಿಯಾರ ನಾಲ್ಕೂವರೆ ಗಂಟೆ ಮುಂದೆ, ಫಿನ್ಲೆಂಡಿಗಿಂತ ಮೂರೂವರೆ.

ಪ್ರಶ್ನೆ: ಮಗಳು ಶಿವಮೊಗ್ಗದಲ್ಲಿ 10 ಮೀಟರ್ ಏರ್ ರೈಫಲ್ ಕಲಿಯುತ್ತಿದ್ದಾಳೆ. ಹಿಮವಿಲ್ಲದ ಮಲೆನಾಡಿನಲ್ಲಿ ಬಯಾಥ್ಲಾನ್‌ನ ಅಭ್ಯಾಸ ಸಾಧ್ಯವೇ? – ಓದುಗರು, ತೀರ್ಥಹಳ್ಳಿ

ಉತ್ತರ: ಗುಂಡಿನ ಭಾಗವನ್ನು ಖಂಡಿತ ಮಾಡಬಹುದು, ಮಾಡಲೇಬೇಕು ಅನ್ನುತ್ತೇವೆ. ಅಸಲಿ ಸ್ಪರ್ಧೆಯಲ್ಲಿ .22 ರೈಫಲ್, 50 ಮೀಟರ್ ದೂರ. ಮಲಗಿ ಹೊಡೆಯುವಾಗ ಗುರಿಯ ಅಗಲ 45 ಮಿ.ಮೀ., ನಿಂತಾಗ 115 ಮಿ.ಮೀ. 10 ಮೀಟರಿಗೆ ಇಳಿಸಿದರೆ 9 ಮತ್ತು 23 ಮಿ.ಮೀ. ಬಿಳಿ ಹಾಳೆಯ ಮೇಲೆ ಆ ಅಳತೆಯ ಐದೈದು ಕಪ್ಪು ಬೊಟ್ಟು ಬರೆದು ಅಂಟಿಸಿ.

ರೈಫಲ್ ರೇಂಜಿನಲ್ಲೇ, ತರಬೇತುದಾರರ ಕಣ್ಣೆದುರಿಗೇ ಇರಲಿ. ಅದನ್ನು ಹೊತ್ತು ಓಡುವುದು ಬೇಡವೇ ಬೇಡ. ಹೊರಗೆ ಮೂರು ನಿಮಿಷ ಏರಿನಲ್ಲಿ ಓಡಿ ಬಂದು ಐದು ಗುಂಡು, ಹೀಗೆ ನಾಲ್ಕು ಸುತ್ತು. ಮಳೆಗಾಲದಲ್ಲಿ ಓಟದ ಬದಲು ಜಗಲಿಯಲ್ಲಿ ಎರಡು ನಿಮಿಷ ಹಗ್ಗ ಹಾರಿದರೆ ಸಾಕು. ಎದೆ ಹೊಡೆದುಕೊಳ್ಳುತ್ತಿರುವಾಗಲೇ ಟ್ರಿಗರ್ ಒತ್ತುವುದು ಹೊಸಬರ ದೊಡ್ಡ ತಪ್ಪು. ಕೊನೆಯ 50 ಮೀಟರ್ ನಿಧಾನವಾಗಿ ಬರಲಿ, ಎರಡು ಮೂರು ಸಲ ಆಳವಾಗಿ ಉಸಿರು ಬಿಡಲಿ, ಆಮೇಲೆ ಒಂದು ಉಸಿರಿಗೆ ಒಂದು ಗುಂಡು. ಹಾಗೆಂದು ಕಾಯುತ್ತ ನಿಂತರೂ ಕಷ್ಟ: ಕಾಲು ನಡುಗುತ್ತದೆ, ಕಣ್ಣು ಸೋಲುತ್ತದೆ. ಮಲಗಿದಾಗ ಗುರಿ ತಾಳಕ್ಕೆ ಬಿದ್ದಂತೆ ಕುಣಿದರೆ ರೈಫಲನ್ನು ತೋಳಿಗೆ ಬಿಗಿಯುವ ಪಟ್ಟಿ ರಕ್ತನಾಳದ ಮೇಲೆ ಒತ್ತುತ್ತಿದೆ. ಸ್ವಲ್ಪ ಸರಿಸಿ ಕಟ್ಟಲಿ.

ಇನ್ನೊಂದು ಮುಖ್ಯ ವಿಷಯ. ಏರ್ ರೈಫಲ್‌ನವರು ಹಾಕುವ ಬಿಗಿಯಾದ ದಪ್ಪ ಜಾಕೆಟ್ ಬಯಾಥ್ಲಾನ್‌ನಲ್ಲಿ ಇಲ್ಲ. ಅದಿಲ್ಲದೆ ನಿಂತು ಹೊಡೆದಾಗಲೇ ಬೆನ್ನು, ಸೊಂಟದ ನಿಜವಾದ ಸ್ಥಿತಿ ಗೊತ್ತಾಗುವುದು.

ಗಾಲಿ ಇರುವ ರೋಲರ್ ಸ್ಕೀ ತರಿಸುವ ಯೋಚನೆ ಇದ್ದರೆ, ಸಾಮಾನ್ಯವಾಗಿ ಅದಕ್ಕೆ ಬ್ರೇಕ್ ಇರುವುದಿಲ್ಲ. ಆಗುಂಬೆಯಂಥ ಘಾಟಿ ರಸ್ತೆಗೆ ಒಯ್ಯಲೇಬೇಡಿ.

ಪ್ರಶ್ನೆ: ಅಷ್ಟು ಪಳಗಿದವರೂ ಋತುವಿನ ಮೊದಲ ದಿನ ಒಂದೇ ಬದಿಗೆ ಎರಡು ಮೂರು ಗುಂಡು ತಪ್ಪುತ್ತಾರಲ್ಲ? – ಓದುಗರು, ಹೊಸನಗರ

ಉತ್ತರ: ಒಂದೇ ಬದಿಗೆ ತಪ್ಪಿದರೆ ಕೈಯ ತಪ್ಪಲ್ಲ, ಹೆಚ್ಚಾಗಿ ಗಾಳಿಯದು. ಸ್ಪರ್ಧೆಗೆ ಮುಂಚೆ ಕಾಗದದ ಗುರಿಗೆ ಹೊಡೆದು, ಆಗ ಬೀಸುತ್ತಿರುವ ಗಾಳಿಗೆ ತಕ್ಕಂತೆ ರೈಫಲಿನ ಮೇಲಿನ ದೃಷ್ಟಿ ತೂತನ್ನು (ಗುರಿ ನೋಡುವ ಕಿಂಡಿ) ಹೊಂದಿಸಿಕೊಳ್ಳುತ್ತಾರೆ; ರೈಫಲಿಗೆ ದುರ್ಬೀನು ಕೂರಿಸಲು ಅನುಮತಿ ಇಲ್ಲ. ಅರ್ಧ ಗಂಟೆ ಕಳೆದು ಗಾಳಿ ತಿರುಗಿದರೆ ಆ ಹೊಂದಾಣಿಕೆಯೇ ಮುಳುವಾಗುತ್ತದೆ. ಎಡದಿಂದ ಗಾಳಿ ಜೋರಾದರೆ ಗುಂಡು ಬಲಕ್ಕೆ ಸರಿಯುತ್ತದೆ. ಗುಂಡು ಹೊಡೆಯುವ ಸಾಲಿನ ಪಕ್ಕದ ಪುಟ್ಟ ಬಾವುಟ ನೋಡಿ ದೃಷ್ಟಿ ತೂತಿನ ತಿರುಪನ್ನು ಕ್ಲಿಕ್ ಲೆಕ್ಕದಲ್ಲಿ ತಿರುಗಿಸಬೇಕು, ಇಲ್ಲವೇ ಗಾಳಿ ತಗ್ಗುವ ತನಕ ತಡೆಯಬೇಕು. ತಡೆದರೆ ಸೆಕೆಂಡು ಹೋಗುತ್ತದೆ, ತಡೆಯದಿದ್ದರೆ ನಿಮಿಷವೇ ಹೋದೀತು. ಚಳಿಯ ಪಾಲೂ ಇದೆ: ತಣ್ಣಗಿನ ಸಿಡಿಮದ್ದು ನಿಧಾನವಾಗಿ ಉರಿದು ಗುಂಡು ಕೆಳಗೆ ಬೀಳುತ್ತದೆ.

ಪ್ರಶ್ನೆ: ಮೊದಲ ಸ್ಪರ್ಧೆ ಗೆದ್ದರೆ ಎಷ್ಟು ಅಂಕ? – ಓದುಗರು, ಶಿವಮೊಗ್ಗ

ಉತ್ತರ: ಗೆದ್ದವರಿಗೆ 90, ಎರಡನೆಯವರಿಗೆ 75, ಮೂರನೆಯವರಿಗೆ 65. ಆದರೆ ಋತು ಮಿಶ್ರ ರಿಲೇಯಿಂದ (ಗಂಡಸರೂ ಹೆಂಗಸರೂ ಒಂದೇ ತಂಡದಲ್ಲಿ ಸರದಿಯಂತೆ ಓಡುವ ಸ್ಪರ್ಧೆ) ಶುರುವಾದರೆ ಆ ದಿನ ಯಾರ ವೈಯಕ್ತಿಕ ಖಾತೆಗೂ ಅಂಕ ಬೀಳುವುದಿಲ್ಲ.