ಲ್ಯಾಟೆಕ್ಸ್ ಹುಲಿ ಮುಖವಾಡಕ್ಕೆ ಯಾವ ಬಣ್ಣ, ಅದರ ಮೇಲೆ ಯಾವ ಸೀಲರ್?

ಮಂಗಳೂರು ದಸರಾಕ್ಕೆ ಮಕ್ಕಳ ಹುಲಿವೇಷದ ತಂಡಕ್ಕೆ ಲ್ಯಾಟೆಕ್ಸ್ ಮುಖವಾಡ ಮಾಡಿದ್ದೀರಿ. ಮೈಗೆ ಬಳಿಯುವ ಎನಾಮಲ್ಲನ್ನೇ ಅದಕ್ಕೂ ಹೊಡೆದಿರಿ. ಕೆನ್ನೆಯ ಹತ್ತಿರ ಬಣ್ಣ ಚಕ್ಕೆ ಎದ್ದಿತು, ಮೇಲೆ ಕೊಟ್ಟ ವಾರ್ನಿಷ್ ಅಂಟಂಟಾಗಿಯೇ ಉಳಿಯಿತು. ಯಾವ ಸೀಲರ್, ಅಂದರೆ ಬಣ್ಣವನ್ನು ಕಾಪಾಡಲು ಮೇಲೆ ಕೊಡುವ ಕೋಟ್, ಹಾಕಿದರೆ ಸರಿಹೋಗುತ್ತದೆ ಎಂದು ಕೇಳಿದ್ದೀರಿ. ಸೀಲರ್ ಬದಲಿಸಿದರೆ ಇದು ಸರಿಹೋಗದು, ತೊಂದರೆ ಕೆಳಗಿನ ಬಣ್ಣದಲ್ಲೇ ಇದೆ.

ಎನಾಮಲ್ ಒಣಗಿ ಗಟ್ಟಿ ಪೊರೆಯಾಗುತ್ತದೆ, ಲ್ಯಾಟೆಕ್ಸ್ ಎಳೆದಷ್ಟೂ ಹಿಗ್ಗುತ್ತದೆ. ಎರಡೂ ಒಟ್ಟಿಗೆ ಬಾಳುವುದಿಲ್ಲ. ಮೇಲಾಗಿ ಎನಾಮಲ್, ವಾರ್ನಿಷ್‌ಗಳಲ್ಲಿರುವ ಎಣ್ಣೆ ಮತ್ತು ಟರ್ಪೆಂಟೈನ್ ರಬ್ಬರಿನೊಳಗೆ ಇಳಿದು ಅದನ್ನು ಊದಿಸಿ ಮೆತ್ತಗೆ ಮಾಡುತ್ತವೆ. ಗೋಡೆಯ ಎಮಲ್ಷನ್ನೂ ಬಿರಿಯುತ್ತದೆ. ಬಟ್ಟೆಗೆ ಹಚ್ಚುವ ಫ್ಯಾಬ್ರಿಕ್ ಅಕ್ರಿಲಿಕ್ ಸ್ವಲ್ಪ ಮೆದು. ಹಣೆ, ಮೂಗಿನ ಮೇಲೆ ನಿಂತೀತು, ಬಾಯಿಯ ಅಂಚಿನಲ್ಲಿ ನಿಲ್ಲದು.

ಬಾಳಿಕೆ ಬರುವುದು ಲ್ಯಾಟೆಕ್ಸನ್ನೇ ಸೇರಿಸಿ ಮಾಡಿದ ಬಣ್ಣ. ಪ್ರಿವಲ್ಕನೈಸ್ಡ್ ಲ್ಯಾಟೆಕ್ಸ್ (ಗಂಧಕ ಸೇರಿಸಿ ಮೊದಲೇ ಹದಮಾಡಿದ, ಅಂದರೆ ವಲ್ಕನೈಸ್ ಆದ ರಬ್ಬರ್ ಹಾಲು) 100 ಮಿ.ಲೀ.ಗೆ ನೀರಿನಲ್ಲಿ ಕರಗುವ ಅಕ್ರಿಲಿಕ್ ಬಣ್ಣ ಸುಮಾರು 10 ಮಿ.ಲೀ., ತೆಳು ಮಾಡಲು ಡಿಸ್ಟಿಲ್ಡ್ ವಾಟರ್ 20 ಮಿ.ಲೀ.ವರೆಗೆ. ಮೊದಲು ಬಣ್ಣವನ್ನು ನೀರಿನಲ್ಲಿ ಕದಡಿ, ಆಮೇಲೆ ಲ್ಯಾಟೆಕ್ಸಿಗೆ ನಿಧಾನವಾಗಿ ಸೇರಿಸಿ. ಮೊದಲ ಸಲ ಒಂದು ಚಮಚದಷ್ಟೇ ಬೆರೆಸಿ ಅರ್ಧ ಗಂಟೆ ನೋಡಿ. ರಬ್ಬರ್ ಹಾಲಿಗೆ ಫಾರ್ಮಿಕ್ ಆಸಿಡ್ ಬಿದ್ದರೆ ಏನಾಗುತ್ತದೆಂದು ರಬ್ಬರ್ ತೋಟವಿರುವವರಿಗೆ ಗೊತ್ತು. ಆಮ್ಲದ ಗುಣವಿರುವ ಬಣ್ಣ ಸೇರಿದರೂ ಹಾಗೆಯೇ ಗಂಟು ಕಟ್ಟುತ್ತದೆ.

ಸುಳ್ಯ, ಬೆಳ್ತಂಗಡಿ ಕಡೆಯ ತೋಟದ ಹಸಿ ಹಾಲು ಅಗ್ಗಕ್ಕೆ ಸಿಗುತ್ತದೆಂದು ಅದನ್ನೇ ಬಳಸುವ ಆಸೆ ಬೇಡ. ಅದರಲ್ಲಿ ರಬ್ಬರಿನ ಅಂಶ ಮೂರನೇ ಒಂದು ಪಾಲಿನಷ್ಟೇ. ವಲ್ಕನೈಸ್ ಆಗದ ಕಾರಣ ಪೊರೆಗೆ ಬಲವಿಲ್ಲ, ಸೆಕೆಗೆ ಅಂಟುತ್ತದೆ.

ಹಚ್ಚುವ ಮೊದಲು ತೊಳೆಯುವ ಕೆಲಸಕ್ಕೆ ಪೂರ್ತಿ ಗಮನ ಕೊಡಿ. ಅಚ್ಚಿನಿಂದ ತೆಗೆಯುವಾಗ ಹಾಕಿದ ಟಾಲ್ಕಂ ಪೌಡರ್ ಮೇಲ್ಮೈಯಲ್ಲಿ ಉಳಿದಿದ್ದರೆ ಯಾವ ಬಣ್ಣವೂ ಹಿಡಿಯದು. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ದ್ರವ, ಮೆತ್ತನೆಯ ಬ್ರಷ್ ಸಾಕು. ಚೆನ್ನಾಗಿ ಒಣಗಿದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒಮ್ಮೆ ಒರೆಸಿ. ಹೀಗೆ ತೊಳೆದರೆ ಚರ್ಮಕ್ಕೆ ತುರಿಕೆ ತರುವ ಪ್ರೋಟೀನೂ ಒಂದಷ್ಟು ಹೋಗುತ್ತದೆ. ಆದರೆ ಲ್ಯಾಟೆಕ್ಸ್ ಅಲರ್ಜಿ ಇರುವ ಮಗುವಿಗೆ ಈ ಮುಖವಾಡ ಹಾಕಲೇಬಾರದು.

ಮೊದಲು ಇಡೀ ಮುಖಕ್ಕೆ ಹಳದಿ-ಕೇಸರಿ, ಆಮೇಲೆ ಗಲ್ಲ ಮತ್ತು ಕಣ್ಣಿನ ಸುತ್ತ ಬಿಳಿ, ಕೊನೆಗೆ ಕಪ್ಪು ಪಟ್ಟೆ. ಬೆರೆಸುವಾಗ ಬಣ್ಣ ತಿಳಿಯಾಗಿ ಕಾಣುತ್ತದೆ, ಒಣಗಿದಾಗ ಗಾಢವಾಗುತ್ತದೆ. ಹಸಿ ಲ್ಯಾಟೆಕ್ಸ್ ಬೆಳ್ಳಗಿದ್ದು, ಒಣಗಿದರೆ ಜೇನುಬಣ್ಣಕ್ಕೆ ತಿರುಗುವುದರಿಂದ ಹೀಗೆ. ಬಿಳಿಗೆ ಟೈಟಾನಿಯಂ ವೈಟ್ ಸ್ವಲ್ಪ ಜಾಸ್ತಿ ಹಾಕಿ. ದಪ್ಪಕ್ಕೆ ಒಂದೇ ಸಲ ಬಳಿಯುವ ಬದಲು ತೆಳ್ಳಗೆ ಎರಡು ಮೂರು ಕೋಟ್ ಕೊಡಿ. ಬ್ರಷ್ಷನ್ನು ಸೋಪಿನ ನೀರಿನಲ್ಲಿ ಅದ್ದಿ ಹಿಂಡಿಕೊಂಡೇ ಕೆಲಸ ಶುರುಮಾಡಿ, ಇಲ್ಲದಿದ್ದರೆ ಕೂದಲೆಲ್ಲ ರಬ್ಬರಾಗಿ ಬ್ರಷ್ ಹಾಳು. ಏರ್‌ಬ್ರಷ್‌ನ ನಳಿಕೆಯೂ ಹೀಗೆಯೇ ಕಟ್ಟಿಕೊಳ್ಳುತ್ತದೆ.

ಉಡುಪಿಯ ಅಷ್ಟಮಿಗೆ ಮಾಡುವುದಾದರೆ ಮಳೆಗಾಲದ ಲೆಕ್ಕ ಬೇರೆ. ಕೆಳಗಿನ ಕೋಟಿನ ನೀರು ಹೋಗದೆ ಮೇಲೆ ಇನ್ನೊಂದು ಬಳಿದರೆ ಒಳಗೆ ಬಿಳಿ ಮಬ್ಬು ಉಳಿಯುತ್ತದೆ, ಪದರ ಬಿಡುತ್ತದೆ. ಫ್ಯಾನಿನ ಕೆಳಗಿಡಿ, ಬೆರಳಿಗೆ ತಣ್ಣಗೆ ತಾಗುವುದು ನಿಲ್ಲುವವರೆಗೆ ಕಾಯಿರಿ. ಬಿಸಿಲಿಗೆ ಮಾತ್ರ ಇಡಬೇಡಿ, ಬಿಸಿಲು ರಬ್ಬರನ್ನು ತಿನ್ನುತ್ತದೆ. ವೇಷ ಹಾಕುವ ಮುನ್ನ ಮಾಡುವ ಊದು ಪೂಜೆಗೆ ಒಂದು ವಾರ ಮೊದಲೇ ಬಣ್ಣದ ಕೆಲಸ ಮುಗಿದಿರಲಿ.

ಈಗ ಸೀಲರ್. ಬಣ್ಣದಲ್ಲೇ ಲ್ಯಾಟೆಕ್ಸ್ ಇದ್ದರೆ ನನ್ನ ಪ್ರಕಾರ ಬೇರೆ ಸೀಲರ್ ಅಗತ್ಯವಿಲ್ಲ. ಮ್ಯಾಟ್ ಬೇಕಿದ್ದರೆ ಟಾಲ್ಕಂ ಸವರಿ ಕೊಡವಿ. ಹೊಳಪು ಬೇಕಿದ್ದರೆ ಪೂರ್ತಿ ಒಣಗಿದ ಮೇಲೆ ಶುದ್ಧ ಸಿಲಿಕೋನ್ ಎಣ್ಣೆ ಎರಡು ಹನಿ ಬಟ್ಟೆಯಲ್ಲಿ ಉಜ್ಜಿ. ಅದು ರಬ್ಬರನ್ನು ಕೆಡಿಸುವುದಿಲ್ಲ. ಆದರೆ ಆಮೇಲೆ ಅದರ ಮೇಲೆ ಬಣ್ಣ ಕೂರದು, ಹಾಗಾಗಿ ಇದು ಕಟ್ಟಕಡೆಯ ಕೆಲಸ. ಸೂಕ್ಷ್ಮ ಗೆರೆಗಳನ್ನು ಬರೀ ಅಕ್ರಿಲಿಕ್‌ನಲ್ಲಿ ಎಳೆದಿದ್ದರೆ, ಲ್ಯಾಟೆಕ್ಸ್ ಮತ್ತು ಡಿಸ್ಟಿಲ್ಡ್ ವಾಟರ್ ಸಮಸಮ ಬೆರೆಸಿ ತೆಳ್ಳಗೆ ಎರಡು ಕೋಟ್ ಕೊಡಿ. ಬೆವರಿಗೆ ಒದ್ದೆಯಾದಾಗ ಈ ಪೊರೆ ತುಸು ಬೆಳ್ಳಗಾಗುತ್ತದೆ, ಒಣಗಿದರೆ ಮತ್ತೆ ಸರಿಯಾಗುತ್ತದೆ. ಲ್ಯಾಕರ್ ಸ್ಪ್ರೇ ಬೇಡವೇ ಬೇಡ. ಎಪಾಕ್ಸಿಯ ಗಾಜಿನಂಥ ಹೊಳಪನ್ನು ಬಗ್ಗದ ಕಣ್ಣುಗುಡ್ಡೆ, ಹಲ್ಲುಗಳಿಗಷ್ಟೇ ಇಟ್ಟುಕೊಳ್ಳಿ.

ಚಿನ್ನದ ಬಣ್ಣ ಬೇಕಾದವರು ಅಂಗಡಿಯ ಬ್ರಾಂಜ್ ಪೌಡರ್ ಹಾಕಬೇಡಿ. ಅದರಲ್ಲಿ ತಾಮ್ರವಿದೆ, ತಾಮ್ರ ತಾಗಿದ ನೈಸರ್ಗಿಕ ರಬ್ಬರ್ ಬೇಗ ಕೊಳೆತು ಅಂಟಾಗುತ್ತದೆ. ಅಭ್ರಕದಿಂದ ಮಾಡಿದ ಪರ್ಲ್ ಪಿಗ್ಮೆಂಟ್ ಕೇಳಿ ತನ್ನಿ.

ಈಗಿರುವ ಮುಖವಾಡದಲ್ಲಿ ಎದ್ದಿರುವ ಎನಾಮಲ್ಲನ್ನು ಪ್ಯಾಕಿಂಗ್ ಟೇಪ್ ಅಂಟಿಸಿ ಕಿತ್ತು ತೆಗೆಯಿರಿ, ಥಿನ್ನರ್ ಬಳಸಬೇಡಿ. ಕೆಳಗಿನ ರಬ್ಬರ್ ಎಳೆದರೆ ಹಿಂದಕ್ಕೆ ಬರುತ್ತಿದ್ದರೆ ತೊಳೆದು ಮತ್ತೆ ಬಣ್ಣ ಕೊಡಬಹುದು. ಬೆರಳಿಗೆ ಅಂಟುತ್ತಿದ್ದರೆ ಅದನ್ನು ಬಿಟ್ಟು ಅಚ್ಚಿನಲ್ಲಿ ಹೊಸದು ಎರೆಯುವುದೇ ಸರಿ.

ವೇಷದ ದಿನ ಒಬ್ಬರಿಗೆ ಇದೊಂದೇ ಜವಾಬ್ದಾರಿ ಕೊಡಿ: ಮೈಯ ಬಣ್ಣ ತೆಗೆಯುವ ಸೀಮೆಎಣ್ಣೆ, ತೆಂಗಿನೆಣ್ಣೆ ಮುಖವಾಡಕ್ಕೆ ತಾಗಬಾರದು. ಮೊದಲು ಮುಖವಾಡ ತೆಗೆದು ದೂರ ಇಟ್ಟು, ಆಮೇಲೆ ಮೈ ಉಜ್ಜಲಿ. ಒಳಭಾಗದ ಬೆವರನ್ನು ಒರೆಸಿ, ಗಾಳಿಗಿಟ್ಟು, ಟಾಲ್ಕಂ ಹಾಕಿ, ಒಳಗೆ ಕಾಗದ ತುಂಬಿ ಕತ್ತಲಲ್ಲಿಡಿ. ಉಳಿದ ಬಣ್ಣ ತೇಪೆಗೆ ಬೇಕಾಗುತ್ತದೆ. ಬಾಟಲಿಯನ್ನು ಬಿಗಿಯಾಗಿ ಮುಚ್ಚಿಡಿ, ಲ್ಯಾಟೆಕ್ಸ್ ಗಟ್ಟಿಯಾಗದಂತೆ ಅದರಲ್ಲಿ ಹಾಕಿರುವ ಅಮೋನಿಯಾ ಆರಿಹೋದರೆ ಅದು ಬಾಟಲಿಯೊಳಗೇ ಗಟ್ಟಿಯಾಗುತ್ತದೆ.